ಜೊತೆಯಲ್ಲಿ ಹುಟ್ಟಿದ್ದು

ಆ ಮಗುವನ್ನು ನಾನು ಮೊದಲು ನೋಡಿದ್ದು ಅದಕ್ಕೆ ನೀರೆರೆಯುವ ಹೊತ್ತಿನಲ್ಲಿ. ದೇವಲಾಪುರದಿಂದ ಒಳದಾರಿಯಲ್ಲಿ ಹೋದರೆ ಸಿಗುವ ಒಂದು ಸಣ್ಣ ಊರು. ಊರಿನ ಕೊನೆಯ ಬೀದಿಯಲ್ಲಿ ಹೆಂಚಿನ ಮನೆ. ಮನೆಯ ಹಿಂದಿನ ಬಚ್ಚಲಲ್ಲಿ ಮಗುವಿನ ಅಜ್ಜಿ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿಕೊಂಡು, ಎರಡೂ ಕಾಲು ನೀಡಿ ಮಣೆಯ ಮೇಲೆ ಕುಳಿತಿದ್ದರು. ಆ ಕಾಲುಗಳ ಮೇಲೆ, ಹರಳೆಣ್ಣೆಯಲ್ಲಿ ಮಿರುಗುತ್ತ, ಹುಟ್ಟಿ ಒಂಬತ್ತು ದಿನವಾಗಿದ್ದ ಗಂಡುಕೂಸು ಅಂಗಾತ ಮಲಗಿತ್ತು. ಅದರ ಎದೆಗೂಡು ಮುಗಿದು ಹೊಟ್ಟೆ ಆರಂಭವಾಗುವಲ್ಲಿಂದ ಇನ್ನೆರಡು ಪುಟ್ಟ ಕಾಲುಗಳೂ ಒಂದು ಪುಟ್ಟ ಕೈಯೂ ಹೊರಬಂದಿದ್ದವು. ಒಂದು ಸಣ್ಣ ಸೊಂಟವೂ ಇತ್ತು. ತಲೆ ಇರಲಿಲ್ಲ. ಯಾರೋ ಇನ್ನೊಬ್ಬರು ಮಗುವಿನ ಒಳಗಿನಿಂದ ಹೊರಗೆ ಬರುತ್ತಿದ್ದವರು ಅರ್ಧದಲ್ಲಿಯೇ ನಿಂತುಬಿಟ್ಟಂತೆ ಕಾಣುತ್ತಿತ್ತು.

ಅಜ್ಜಿ ಮೊದಲು ಮಗುವಿನ ಕಾಲುಗಳನ್ನು ನೀವಿದರು. ಆಮೇಲೆ ಆ ಪುಟ್ಟ ಕಾಲುಗಳನ್ನೂ ಅಷ್ಟೇ ಹೊತ್ತು ನೀವಿದರು. ಒಂದೊಂದೇ ಬೆರಳನ್ನು ಬಿಡಿಸಿ ಎಣ್ಣೆ ಹಚ್ಚಿದರು.

"ಅದಕ್ಕೂ ಹಚ್ಚುತ್ತೀರಾ?" ಎಂದು ನಾನು ಕೇಳಿದೆ.

"ಅಚ್ಚದೆ ಬುಡಾಕಾಯ್ತದಾ ಕಣವ್ವ? ಚರ್ಮ ಒಣಗೋಯ್ತದೆ. ನಿಂಗೇ ಒಂದು ಕೈಗೆ ಎಣ್ಣೆ ಅಚ್ಚಿ ಇನ್ನೊಂದು ಕೈ ಬುಟ್ರೆ ಯಂಗಿರ್ತದೆ?"

ನಾನು ನಗಲಿಲ್ಲ. ಆಗ ನನಗೆ ಅದು ಮಮತೆಯಂತೆ ಕಾಣಲಿಲ್ಲ. ತಿದ್ದಬೇಕಾದ ಒಂದು ತಪ್ಪು ತಿಳಿವಳಿಕೆಯಂತೆ ಕಂಡಿತು. ಈ ಬರಹದಲ್ಲಿ ನಾನು ಮೊದಲು ಒಪ್ಪಿಕೊಳ್ಳಬೇಕಾದ ಸಂಗತಿ ಅದೇ.

ನಾಗಮಂಗಲದ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ತರ್ಕಶಾಸ್ತ್ರ ಕಲಿಸುತ್ತೇನೆ. ಓದುವ ದಿನಗಳಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ, ಗೆಲ್ಲುತ್ತಲೂ ಇದ್ದೆ. ಎದುರಾಳಿಯ ವಾದ ಯಾವ ಕಲ್ಲಿನ ಮೇಲೆ ನಿಂತಿದೆಯೋ ಅದನ್ನು ಹುಡುಕಿ ಅಲುಗಿಸಿದರೆ ಮೇಲಿನದೆಲ್ಲ ತಾನಾಗಿ ಕುಸಿಯುತ್ತದೆ ಎಂದು ನಮಗೆ ಹೇಳಿಕೊಟ್ಟಿದ್ದರು. ಕೆಲಸಕ್ಕೆ ಸೇರಿದ ಮೇಲೆ ನಾಲ್ಕಾರು ಗೆಳತಿಯರೊಡನೆ ಊರೂರಿಗೆ ಹೋಗಿ ಬಾಲ್ಯವಿವಾಹದ ಬಗ್ಗೆ, ಬಾಣಂತಿಗೆ ನೀರು ಕೊಡದೆ ಬಾಯಾರಿಸುವ ಪದ್ಧತಿಯ ಬಗ್ಗೆ ಮಾತನಾಡುವಾಗಲೂ ನಾನು ಆ ದಾರಿಯನ್ನೇ ಹಿಡಿದೆ. ಎಷ್ಟೋ ಕಡೆ ಅದು ಫಲ ಕೊಟ್ಟಿತು. ಆದ್ದರಿಂದಲೇ ಅದು ಎಲ್ಲಿ ಸಲ್ಲುವುದಿಲ್ಲ ಎಂದು ನನಗೆ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು.

ಮಗುವಿನ ತಾಯಿ ನನ್ನ ಹಳೆಯ ವಿದ್ಯಾರ್ಥಿನಿ. ತರಗತಿಯಲ್ಲಿ ಹೆಚ್ಚು ಮಾತನಾಡಿದವಳಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗಡಿಯಾರ ನೋಡಿಕೊಂಡು ಗಂಟೆ ಬಾರಿಸುವ ಕೆಲಸ ಅವಳದು. ಅಧ್ಯಾಪಕರೆಂದು ನನಗೂ ಅರ್ಧ ನಿಮಿಷ ಹೆಚ್ಚು ಕೊಟ್ಟವಳಲ್ಲ. ಮದುವೆಯಾಗಿ ಎರಡು ವರ್ಷದ ಮೇಲೆ ಅವಳಿಂದ ಫೋನು ಬಂದಿತ್ತು. "ಮಿಸ್, ನಂಗೆ ಮಗ ಆಗವ್ನೆ. ಒಂದ್ಸಲ ಬಂದು ನೋಡಿ. ಫೋನಲ್ಲಿ ಯೋಳಾಕೆ ಆಗಾಕಿಲ್ಲ."

ಅವಳಿಗೆ ತಾಯಿ ಇರಲಿಲ್ಲವಾದ್ದರಿಂದ ಬಾಣಂತನ ಗಂಡನ ಮನೆಯಲ್ಲಿಯೇ ನಡೆಯುತ್ತಿತ್ತು. ಮೊದಲ ಸ್ಕ್ಯಾನಿಂಗಿನಲ್ಲಿ ಏನೂ ಕಂಡಿರಲಿಲ್ಲ. ಐದು ತಿಂಗಳಿನ ಸ್ಕ್ಯಾನಿಂಗು ನಾದಿನಿಯ ಮದುವೆಯ ಓಡಾಟದಲ್ಲಿ ತಪ್ಪಿಹೋಗಿತ್ತು. ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಸಿಸೇರಿಯನ್ ಮಾಡಿ ಮಗುವನ್ನು ತೆಗೆದ ವೈದ್ಯರು ತಡಮಾಡದೆ ದೊಡ್ಡ ಆಸ್ಪತ್ರೆಗೆ ತೋರಿಸಿರೆಂದು ಚೀಟಿ ಬರೆದುಕೊಟ್ಟಿದ್ದರು. ಮಗು ಅಳುತ್ತಿತ್ತು, ಹಾಲು ಕುಡಿಯುತ್ತಿತ್ತು, ಕಣ್ಣು ಬಿಟ್ಟು ನೋಡುತ್ತಿತ್ತು. ಸ್ವಲ್ಪ ಚೇತರಿಸಿಕೊಳ್ಳಲೆಂದು ಇವರು ಮನೆಗೆ ಕರೆತಂದಿದ್ದರು. ಚೀಟಿ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿತ್ತು. ನಾನು ಅದನ್ನು ತೆಗೆದು ಓದಿ, ಅವಳ ಗಂಡನಿಗೆ, "ನಾಳೆಯೇ ಹೊರಡೋಣ," ಎಂದೆ. ಅವನು ಊರಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆಯುವವನು, ಉಳಿದ ಹೊತ್ತಿನಲ್ಲಿ ತನ್ನ ರಾಗಿಹೊಲ ನೋಡಿಕೊಳ್ಳುವವನು, ಮಾತು ಕಡಿಮೆ. "ಆಯ್ತು ಮೇಡಂ, ಕಾರು ನೋಡ್ತೀನಿ," ಎಂದ.

ಮರುದಿನ ಪಾಂಡವಪುರದ ಮೇಲೆ ಮೈಸೂರಿಗೆ ಹೊರಟೆವು. ಶ್ರೀರಂಗಪಟ್ಟಣದ ಸೇತುವೆ ಬಂದಾಗ ಅಜ್ಜಿ ಸೆರಗಿನಿಂದ ಮಗುವಿನ ಮುಖ ಮುಚ್ಚಿದರು. ಹೊಳೆ ದಾಟಿದ ಮೇಲೆ ತೆಗೆದರು. ಬಾಣಂತಿ ಕಿಟಕಿಯ ಕಡೆಗೆ ತಿರುಗಿ ಕುಳಿತಿದ್ದಳು. ತಿಂಗಳು ತುಂಬುವ ಮೊದಲೇ ಹೊರಗೆ ಬಂದವಳು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು.

ಆಸ್ಪತ್ರೆಯ ಮಕ್ಕಳ ಶಸ್ತ್ರಚಿಕಿತ್ಸಕಿ ಹೆಚ್ಚುಕಡಿಮೆ ನನ್ನ ವಯಸ್ಸಿನವರು. ಮಗುವನ್ನು ಮುಟ್ಟುವ ಮೊದಲು ಕೈ ತೊಳೆದು, ಎರಡೂ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡರು. ಬಹಳ ಹೊತ್ತು ಪರೀಕ್ಷಿಸಿದರು. ಅವರ ಮೊದಲ ಪ್ರಶ್ನೆ ನನಗಾಗಲಿ ಮಗುವಿನ ತಂದೆಗಾಗಲಿ ಇರಲಿಲ್ಲ.

"ಮಗೂಗೆ ದಿನಾ ನೀರು ಹಾಕೋರು ಯಾರು?"

"ನಾನೇ ಕಣವ್ವ ಡಾಕ್ಟ್ರಮ್ಮ," ಎಂದರು ಅಜ್ಜಿ. "ನಮ್ ಬೀದಿ ಕೂಸುಗಳ್ಗೆಲ್ಲ ನಾನೇ ಎರೆಯೋದು."

"ಈ ಕಾಲು ಚಿವುಟಿದರೆ ಮಗು ಅಳುತ್ತದಾ?"

"ನಾನ್ಯಾಕವ್ವ ಚೂಟ್ಲಿ? ಒಂದಿನ ನೀರು ವಸಿ ಬಿಸಿ ಜಾಸ್ತಿ ಆಗಿತ್ತು. ಕೂಸಿನ ಕಾಲ್ಗೆ ತಾಕ್ದೇಟ್ಗೆ ಕಾಲು ಎಳ್ಕತ್ತು. ಇದ್ರು ಕಾಲ್ಗೆ ತಾಕ್ದಾಗ ಸುಮ್ಕಿತ್ತು. ಆದ್ರೆ ಬೆಚ್ಗೆ ಇರ್ತದೆ. ಕೂಸು ಬೆಚ್ಗಿದ್ರೆ ಇದೂ ಬೆಚ್ಗಿರ್ತದೆ."

"ಬೇರೆ ಏನಾದರೂ ಗಮನಿಸಿದ್ದೀರಾ?"

"ಇದೂ ಉಚ್ಚೆ ಉಯ್ತದೆ. ಅದು ಒಂದ್ಸಲ, ಇದು ಒಂದ್ಸಲ. ಬಟ್ಟೆ ಎಲ್ಡು ಕಡೆ ನೆನೀತದೆ."

ಮಗ ನಾಚಿಕೊಂಡ. "ಅವ್ವ, ಅದ್ನೆಲ್ಲ ಯಾಕೆ ಯೋಳೀಯೆ ಇಲ್ಲಿ?"

"ಹೇಳಲಿ ಬಿಡಿ. ನನಗೆ ಬೇಕಾಗಿದ್ದೇ ಅದು," ಎಂದ ವೈದ್ಯೆ ಪಕ್ಕದಲ್ಲಿದ್ದ ಕಿರಿಯ ವೈದ್ಯರಿಗೆ, "ಬರೆದುಕೊಳ್ಳಿ. ಅದರೊಳಗೆ ಒಂದು ಮೂತ್ರಪಿಂಡ ಕೆಲಸ ಮಾಡುತ್ತಿರಬೇಕು," ಎಂದರು. ಸಂಜೆಯ ಹೊತ್ತಿಗೆ ಸ್ಕ್ಯಾನಿಂಗುಗಳೆಲ್ಲ ಮುಗಿದಾಗ ಅಜ್ಜಿ ಹೇಳಿದ್ದೇ ನಿಜವಾಗಿತ್ತು. "ಅಂಗಂತ ಬೆಳಗ್ಗೇನೇ ಯೋಳಿದ್ನಲ್ಲ," ಎಂದು ಅಜ್ಜಿ ಮಗನ ಕಡೆ ನೋಡಿದರು.

ವೈದ್ಯೆ ಒಂದು ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು. ಒಂದೇ ಮೊಟ್ಟೆಯಿಂದ ಇಬ್ಬರು ಹುಟ್ಟಬೇಕಾಗಿತ್ತು. ಬೇರೆಯಾಗುವ ಕೆಲಸ ಅರ್ಧಕ್ಕೇ ನಿಂತಿತು. ಒಬ್ಬರು ಪೂರ್ತಿ ಬೆಳೆದರು. ಇನ್ನೊಬ್ಬರಿಗೆ ತಲೆಯೂ ಹೃದಯವೂ ಆಗಲೇ ಇಲ್ಲ, ಆದರೆ ಮೊದಲಿನವರ ರಕ್ತ ಹರಿದುಬರುತ್ತಿದ್ದುದರಿಂದ ಉಳಿದಷ್ಟು ಬೆಳೆಯಿತು. ಬಹಳ ಅಪರೂಪ, ಯಾರ ತಪ್ಪಿನಿಂದಲೂ ಆಗುವುದಲ್ಲ. ನೂಲಿನಷ್ಟು ದಪ್ಪದ ಒಂದು ರಕ್ತನಾಳವೂ, ಯಕೃತ್ತಿನ ಒಂದು ತೆಳುವಾದ ಪಟ್ಟಿಯೂ ಎರಡನ್ನು ಕೂಡಿಸಿವೆ. ಬೇರ್ಪಡಿಸಬಹುದು. ಆದರೆ ಈ ಪುಟ್ಟ ಹೃದಯ ಎರಡು ಮೈಗಳಿಗೆ ರಕ್ತ ತಳ್ಳುತ್ತಿದೆ. ಹೆಚ್ಚು ದಿನ ತಡೆಯಲಾರದು. ಹಾಲು ಕುಡಿಯುವಾಗ ಹಣೆ ಬೆವರಿದರೆ, ಬೇಗ ದಣಿದರೆ, ತೂಕ ಏರದಿದ್ದರೆ ಕೂಡಲೇ ಬರಬೇಕು. ಇಲ್ಲದಿದ್ದರೆ ಎರಡು ವಾರ ಬಿಟ್ಟು ಸೋಮವಾರ.

ತಂದೆ ತಲೆಯಾಡಿಸಿದ. ತಾಯಿ ಏನನ್ನೂ ಕೇಳಲಿಲ್ಲ. ಅವಳು ಕೋಣೆಯ ಮೂಲೆಯ ಕಡೆಗೇ ನೋಡುತ್ತಿದ್ದಳು. ಅಲ್ಲಿ ಏನಿದೆಯೆಂದು ನಾನು ತಿರುಗಿ ನೋಡಲಿಲ್ಲ. ಅವಳಿಗೆ ಎಲ್ಲವೂ ಅರ್ಥವಾಗಿದೆ, ಆದ್ದರಿಂದ ಸುಮ್ಮನಿದ್ದಾಳೆ ಎಂದುಕೊಂಡೆ.

ಹಿಂದಿರುಗಿದಾಗ ಮನೆಯ ಮುಂದೆ ಜನ. ಮಗುವಿನ ಸುದ್ದಿ ಅಕ್ಕಪಕ್ಕದ ಊರುಗಳಿಗೆ ತಲುಪಿತ್ತು. ಕೆಲವರು ಅರಿಶಿನ ಕುಂಕುಮ ತಂದಿದ್ದರು, ಒಬ್ಬಾಕೆ ಕರ್ಪೂರ ಹಚ್ಚಿದಳು. ಇನ್ನು ಕೆಲವರು ಗ್ರಹಣ, ದೋಷ ಎಂದು ಪಿಸುಗುಟ್ಟುತ್ತಿದ್ದರು. ಇಬ್ಬರು ಮೊಬೈಲು ಎತ್ತಿಹಿಡಿದಿದ್ದರು. ನನ್ನೊಳಗೆ ಸಿಟ್ಟು ಹತ್ತಿಕೊಂಡಿತು. ದೇವರು ಎನ್ನುವವರೂ ಶನಿ ಎನ್ನುವವರೂ ಒಂದೇ ತಪ್ಪಿನ ಎರಡು ಮುಖಗಳು. ಅದನ್ನು ಬಹಿರಂಗವಾಗಿ ಖಂಡಿಸದೆ ಈ ಮನೆಗೆ ನೆಮ್ಮದಿಯಿಲ್ಲ ಎಂದು ತೀರ್ಮಾನಿಸಿದೆ. ಯಾರನ್ನೂ ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ಶಾಲೆಯಿಂದ ಕರಿಹಲಗೆ ತರಿಸಿ ಅರಳೀಕಟ್ಟೆಯ ಮುಂದೆ ಸಭೆ ಕರೆದೆ.

ಜನ ತುಂಬಿದ್ದರು. ನಾನು ಹಲಗೆಯ ಮೇಲೆ ಮೊಟ್ಟೆಯಿಂದ ಹಿಡಿದು ಎಲ್ಲವನ್ನೂ ಬರೆದು ತೋರಿಸಿದೆ. ಊರಿನ ಹಿರಿಯರೊಬ್ಬರು ಎದ್ದರು.

"ಅಲ್ಲ ಕಣವ್ವ, ದೇವ್ರು ಕೊಟ್ಟಿದ್ನ ಕೊಯ್ಯಾಕೆ ನೀನ್ಯಾರು?"

"ಹೊಕ್ಕುಳಬಳ್ಳಿಯನ್ನೂ ದೇವರೇ ಕೊಟ್ಟದ್ದಲ್ಲವೇ ಯಜಮಾನರೇ? ಅದನ್ನು ಕೊಯ್ಯುವ ಸೂಲಗಿತ್ತಿಗೆ ಯಾರೂ ಹೀಗೆ ಕೇಳುವುದಿಲ್ಲವಲ್ಲ?"

ನಗು ಎದ್ದಿತು. "ಸರ್ಯಾಗ್ ಮಡಗುದ್ಲು ಕಣ್ಲಾ ಮೇಷ್ಟ್ರಮ್ಮ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಕೂತ್ಕಳಣ್ಣ, ಸಾಕು ಬುಡು," ಎಂದರು ಇನ್ನೊಬ್ಬರು. ಹಿರಿಯರು ಟವಲು ಕೊಡವಿಕೊಂಡು ಕುಳಿತರು. ಆ ಹುರುಪಿನಲ್ಲಿಯೇ ನಾನು ಮುಂದುವರಿದೆ. ತಲೆಯಿಲ್ಲ, ಹೃದಯವಿಲ್ಲ, ಹಾಗಿದ್ದಮೇಲೆ ಅದು ಮಗುವಲ್ಲ, ದೇವರೂ ಅಲ್ಲ, ದೋಷವೂ ಅಲ್ಲ, ಮಗುವಿನ ರಕ್ತ ಹೀರಿ ಬದುಕಿರುವ ಒಂದು ಪರಾವಲಂಬಿ ಅಂಗಮಾಂಸ, ಅಷ್ಟೆ, ಎಂದೆ. ಚಪ್ಪಾಳೆ ಬಿತ್ತು. ಸಭೆ ಚದುರುವಾಗ ನೀರಿನ ಟ್ಯಾಂಕಿನ ಪಕ್ಕದಲ್ಲಿ ತಲೆಗೆ ಸ್ಕಾರ್ಫು ಕಟ್ಟಿದ ಹೆಣ್ಣೊಬ್ಬಳು ಬೇಗಬೇಗ ಮನೆಯ ಕಡೆ ನಡೆಯುತ್ತಿರುವುದು ಕಂಡಿತು. ಅವಳೇ.

ನನ್ನ ಭಾಷಣವನ್ನು ಯಾರೋ ಮೊಬೈಲಿನಲ್ಲಿ ತೆಗೆದಿದ್ದರು. ಎರಡು ದಿನಗಳಲ್ಲಿ ಹೊಣಕೆರೆ ಕಡೆಯಿಂದ, ನಾಗಮಂಗಲದಿಂದ, ಬೈಕುಗಳಲ್ಲಿ ಜನ ಬರತೊಡಗಿದರು. ಮೊದಲು ಬೀದಿಯವರಿಗೆ ಮಾತ್ರ ಗೊತ್ತಿದ್ದುದು ಈಗ ತಾಲ್ಲೂಕಿಗೆಲ್ಲ ಗೊತ್ತಾಗಿತ್ತು. "ಮೇಡಂ ಬೋರ್ಡಲ್ಲಿ ಬರ್ದಿದ್ರಲ್ಲ, ಆ ಮಗೀನ ಮನೆ ಯಾವ್ದು?" ಎಂದು ಕೇಳಿಕೊಂಡು ಬರುತ್ತಿದ್ದರಂತೆ. ನಾನು ಹೋದಾಗ ಬಾಗಿಲು ಹಾಕಿತ್ತು. ಅಜ್ಜಿ ಜಗುಲಿಗೆ ಬಂದು ನಿಂತರು.

"ಏನ್ ತಾಯಿ, ಇನ್ನೂ ಏನ್ ಉಳುದದೆ? ಕರ್ಪೂರ ಅಚ್ಚೋರ್ನ ನಾನು ಬೈದು ಕಳುಸ್ತಿದ್ದೆ. ನೀನು ಊರ್ಗೇ ಡಂಗೂರ ಒಡ್ದೆ! ನಮ್ಮಟ್ಟಿ ಕೂಸ ಕರೀ ಅಲ್ಗೆ ಮ್ಯಾಲೆ ಬರ್ದು ಅಳಿಸ್ಬುಟ್ಟೆಯಲ್ಲ!"

ಒಳಗೆ ಹೋಗಲು ಬಿಟ್ಟರು, ಅಷ್ಟೆ.

ಬಾಣಂತಿಯ ಕೋಣೆಯಲ್ಲಿ ಕಿಟಕಿ ಮುಚ್ಚಿತ್ತು. ಕೆಂಡದ ಮೇಲೆ ಹಾಕಿದ ಸಾಂಬ್ರಾಣಿಯ ಹೊಗೆ ಇತ್ತು. ಅವಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು; ಆ ಪುಟ್ಟ ಕಾಲುಗಳಿಗೆ ಒಂದು ಚಿಂದಿಯನ್ನು ಚೀಲದಂತೆ ಹೊಲಿದು ತೊಡಿಸಿದ್ದಳು.

"ಸೋಮವಾರ ನಾನು ಬರಾಕಿಲ್ಲ ಮಿಸ್," ಎಂದಳು.

ನಾನು ಕ್ಷಮೆ ಕೇಳಿದೆ. ಕೇಳಿದ ಮರುಗಳಿಗೆಯೇ ವಾದಕ್ಕೆ ತೊಡಗಿದೆ. ಒಂದಕ್ಕೆ ಹೃದಯವಿದೆ, ಇನ್ನೊಂದಕ್ಕಿಲ್ಲ. ಬೇರ್ಪಡಿಸದಿದ್ದರೆ ಎರಡೂ ಹೋಗುತ್ತವೆ, ಬೇರ್ಪಡಿಸಿದರೆ ಒಂದು ಉಳಿಯುತ್ತದೆ. ಜೀವವಿಲ್ಲದ್ದರಿಂದ ನಾವು ಏನನ್ನೂ ಕಸಿದಂತಾಗುವುದಿಲ್ಲ. ಇದರಲ್ಲಿ ಯಾವ ಮಾತು ಸುಳ್ಳು, ತೋರಿಸು ನೋಡೋಣ ಎಂದೆ.

ಅವಳು ಮಗುವಿನ ತಲೆ ಸವರುತ್ತ ಎಲ್ಲವನ್ನೂ ಕೇಳಿದಳು. "ಬೆಲ್ಲು ಆಯ್ತು ಮಿಸ್," ಎಂದಳು ಕೊನೆಗೆ. ಇಬ್ಬರಿಗೂ ನಗು ಬಂತು. ಆಮೇಲೆ ಅವಳ ಕಣ್ಣು ತುಂಬಿತು. "ನೀವು ಯೋಳಿದ್ರಲ್ಲಿ ಒಂದೂ ಸುಳ್ಳಿಲ್ಲ. ಆದ್ರೆ ಅದು ರಕ್ತ ಈರ್ತದೆ ಅಂದ್ರಲ್ಲ... ಅದೇನು ಕೇಳಿ ಇಸ್ಕಂಡಿತ್ತಾ? ಒಂಬತ್ತು ತಿಂಗ್ಳು ಇಬ್ರೂ ನನ್ನೊಟ್ಟೇಲೇ ಇದ್ರು. ನಂಗೆ ಇಬ್ರೂ ಒದ್ದವ್ರೆ."

ಸೋಮವಾರ ಬಂತು, ಹೋಯಿತು. ಅವಳು ಹೊರಡಲಿಲ್ಲ. ಗಂಡ ಬೆಳಿಗ್ಗೆ ಡೇರಿಯಿಂದ ಫೋನು ಮಾಡಿ, "ಬಲವಂತ ಮಾಡಾಕಾಯ್ತದಾ ಮೇಡಂ? ಊಟಾನೂ ಮಾಡ್ತಿಲ್ಲ ಅವ್ಳು," ಎಂದ. ಬುಧವಾರದಿಂದ ಮಗು ನಾಲ್ಕು ಸಲ ಚೀಪಿ ಬಿಟ್ಟುಬಿಡತೊಡಗಿತು.

ಗುರುವಾರ ಮಧ್ಯಾಹ್ನ ನಾನು ಪಾಠ ಮುಗಿಸಿ ಅಧ್ಯಾಪಕರ ಕೊಠಡಿಗೆ ಬಂದರೆ ಬಾಗಿಲ ಬಳಿ ಅಜ್ಜಿ ನಿಂತಿದ್ದರು. ದೇವಲಾಪುರದ ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ಕುರ್ಚಿ ಕೊಟ್ಟರೆ ಕೂರಲಿಲ್ಲ; ಗೋಡೆಗೆ ಒರಗಿ ನೆಲದ ಮೇಲೆ ಕೂತರು. ನಾನೂ ಅವರ ಎದುರು ನೆಲದ ಮೇಲೆಯೇ ಕೂತೆ.

"ಅಣೆ ಬೆವರ್ತಾ ಅದೆ ಕಣವ್ವ," ಎಂದರು. "ಡಾಕ್ಟ್ರಮ್ಮ ಅಂದಿದ್ರಲ್ಲ, ಅಂಗೇ. ಬೆಳಗ್ಗೆ ಎರೆಯೋವಾಗ ನೋಡ್ದೆ, ಕೂಸಿನ ಕಾಲು ತಣ್ಗಿತ್ತು. ಇದ್ರು ಕಾಲೂ ತಣ್ಗಿತ್ತು."

"ನಾನು ಹೇಗೆ ಹೇಳಿದರೂ ಅವಳು ಒಪ್ಪುತ್ತಿಲ್ಲವಲ್ಲ ಅಜ್ಜಿ. ಒಂದು ಜೀವವೋ ಎರಡೋ ಎಂದು..."

"ಒಂದೋ ಎಲ್ಡೋ ಅಂತ ಅವ್ಳು ಯಾವತ್ತು ಕೇಳಿದ್ಲು? ನೀನೇ ಕೇಳ್ಕಂಡೆ, ನೀನೇ ಯೋಳ್ಕಂಡೆ." ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಹೆರಿಗೆ ಆದಾಗ ಮಾಸು ಎಲ್ಲಿ ಅಂತ ಕೇಳ್ದೆ ನಾನು. ನಮ್ಮಲ್ಲಿ ಮಾಸ್ನ ಇತ್ಲಲ್ಲಿ ಊಳ್ತೀವಿ, ನಾಯಿ ನರಿ ಮುಟ್ದಂಗೆ ಮ್ಯಾಲೆ ಕಲ್ಲು ಮಡುಗ್ತೀವಿ. ಅಲ್ಲಿ ಆಯಮ್ಮ ಅಳ್ದಿ ಕವರ್ಗೆ ಆಕಂಡು ಎತ್ಕೊಂಡೋದ್ಲು. ಇವ್ಳು ಮಂಚದ ಮ್ಯಾಲಿಂದ ನೋಡುದ್ಲು. ಮೈಸೂರಲ್ಲೂ ಡಾಕ್ಟ್ರಮ್ಮನ ರೂಮಲ್ಲಿ ಅಂತದೇ ಬಕೀಟು, ಅದೇ ಅಳ್ದಿ ಕವರು ಇತ್ತಂತೆ. ಕೊಯ್ದ್ಮೇಲೆ ನನ್ ಕೂಸಿನ ಜೊತೇದ್ನ ಅದ್ರೊಳಕ್ಕೆ ಬಿಸಾಕ್ತಾರೆ ಅಂತ ಅವ್ಳು ಅಳ್ತಾ ಇರದು. ಯಾರ್ನ ಕೇಳ್ಳಿ? ನಿನ್ನ ಕೇಳ್ದ್ರೆ ಅಲ್ಗೆ ತರ್ತೀಯ."

ಆ ಕೋಣೆಯ ಮೂಲೆ ನನಗೆ ಆಗ ಕಂಡಿತು. ನಾನು ಅಷ್ಟು ದಿನ ಅಲುಗಿಸಲು ನೋಡುತ್ತಿದ್ದ ಕಲ್ಲಿನ ಮೇಲೆ ಅವಳ ದುಃಖ ನಿಂತೇ ಇರಲಿಲ್ಲ. ಮಗುವನ್ನು ಉಳಿಸಿಕೊಳ್ಳಬೇಕೆಂಬುದರಲ್ಲಿ ಅವಳಿಗೆ ಎಂದೂ ಅನುಮಾನವಿರಲಿಲ್ಲ. ಉಳಿದದ್ದನ್ನು ಕಸವೆಂದು ಒಪ್ಪಿಕೊಂಡರೆ ಮಾತ್ರ ಮಗು ಉಳಿಯುತ್ತದೆ ಎಂಬ ಷರತ್ತನ್ನು ಮುಂದಿಟ್ಟವಳು ನಾನು.

ಅಜ್ಜಿಯ ಮುಂದೆಯೇ ವೈದ್ಯೆಗೆ ಫೋನು ಮಾಡಿದೆ. ಅಜ್ಜಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವರು, "ಇದನ್ನು ನಾನೇ ಕೇಳಬೇಕಾಗಿತ್ತು," ಎಂದರು. ಪರೀಕ್ಷೆಗೆಂದು ಸಣ್ಣ ತುಣುಕುಗಳನ್ನು ತೆಗೆದಿಟ್ಟುಕೊಳ್ಳಲೇಬೇಕು. ಉಳಿದದ್ದನ್ನು, ಮನೆಯವರು ಬರೆದುಕೊಟ್ಟರೆ, ಆಸ್ಪತ್ರೆಯ ಅನುಮತಿ ಪಡೆದು ಒಪ್ಪಿಸುತ್ತೇನೆ. ಆದರೆ ಮಗು ಬೆವರುತ್ತಿದ್ದರೆ ಇವತ್ತೇ ಹೊರಡಿ ಎಂದರು.

ಅಜ್ಜಿಯನ್ನು ಕರೆದುಕೊಂಡು ಆಟೋದಲ್ಲಿ ಊರಿಗೆ ಹೋದೆ. ಬಾಣಂತಿಯ ಮಂಚದ ಪಕ್ಕದಲ್ಲಿ ಕುಳಿತು ವೈದ್ಯೆಗೆ ಮತ್ತೆ ಫೋನು ಹಚ್ಚಿ ಅವಳ ಕೈಗೆ ಕೊಟ್ಟೆ. ಅವಳು "ಹ್ಞೂಂ," "ಹ್ಞೂಂ" ಎನ್ನುತ್ತ ಕೇಳಿದಳು. "ನಾನೇ ನನ್ನ ಕೈಯಾರೆ ಬಟ್ಟೆಯಲ್ಲಿ ಸುತ್ತಿ ನಿನ್ನ ಯಜಮಾನರ ಕೈಗೆ ಕೊಡುತ್ತೇನೆ, ಬೇರೆ ಯಾರೂ ಮುಟ್ಟುವುದಿಲ್ಲ," ಎಂದರಂತೆ. ಅವಳು ಫೋನು ಕೆಳಗಿಟ್ಟು, ಅತ್ತೆಯ ಕಡೆ ನೋಡಿ, "ಬಟ್ಟೆ ಎತ್ತಿಡತ್ತೆ, ಹೊರಡನ," ಎಂದಳು.

ಕಾರು ಬರುವಷ್ಟರಲ್ಲಿ ನಾನು ಅರ್ಜಿ ಬರೆಯಲು ಕುಳಿತೆ. ಎಷ್ಟೋ ಮನವಿಗಳನ್ನು ಬರೆದ ಕೈ ಎರಡನೆಯ ಸಾಲಿನಲ್ಲಿ ನಿಂತುಬಿಟ್ಟಿತು. ಆಸ್ಪತ್ರೆಯ ಕಾಗದದಲ್ಲಿದ್ದ 'ಪರಾವಲಂಬಿ' ಎಂಬ ಪದವನ್ನು ಬರೆಯಲಾರೆ. ಮಗು ಎಂದು ಬರೆದರೆ ಸತ್ಯವಲ್ಲವೆಂದು ನನ್ನ ತರ್ಕ ತಡೆಯುತ್ತದೆ. ಅವಳನ್ನೇ ಕೇಳಿದೆ: "ಏನೆಂದು ಬರೆಯಲಿ?"

ಅವಳು ಹೆಚ್ಚು ಯೋಚಿಸಲಿಲ್ಲ. "ಜೊತೇಲಿ ಹುಟ್ಟಿದ್ದು ಅಂತ ಬರೀರಿ ಮಿಸ್."

ಹಾಗೆಯೇ ಬರೆದೆ: 'ನಮ್ಮ ಮಗುವಿನ ಜೊತೆಯಲ್ಲಿ ಹುಟ್ಟಿದ್ದನ್ನು ಶಸ್ತ್ರಚಿಕಿತ್ಸೆಯ ನಂತರ ನಮಗೆ ಒಪ್ಪಿಸಬೇಕೆಂದು ಕೋರುತ್ತೇವೆ.' ಗಂಡಹೆಂಡತಿ ಇಬ್ಬರೂ ಸಹಿ ಹಾಕಿದರು. ನಾನು ಬರೆದುದರಲ್ಲಿ ಅಷ್ಟು ಸರಿಯಾದ ವಾಕ್ಯ ಇನ್ನೊಂದಿಲ್ಲ.

ಎರಡು ದಿನ ಔಷಧಿ ಕೊಟ್ಟು ಮಗುವಿನ ಹೃದಯಕ್ಕೆ ಸ್ವಲ್ಪ ಬಲ ಬರಿಸಿ, ಶನಿವಾರ ಬೆಳಿಗ್ಗೆ ಒಳಗೆ ಕರೆದುಕೊಂಡರು. ಒಳಗೆ ಕೊಡುವ ಮೊದಲು ತಾಯಿ ಮಗುವಿನ ಕಾಲು ಮುಟ್ಟಿದಳು, ಆಮೇಲೆ ಆ ಪುಟ್ಟ ಕಾಲುಗಳಿಗೆ ತೊಡಿಸಿದ್ದ ಚೀಲವನ್ನು ಬಿಚ್ಚಿ ತನ್ನ ಮುಷ್ಟಿಯಲ್ಲಿಟ್ಟುಕೊಂಡಳು. ನಾವು ಹೊರಗೆ ಬೆಂಚಿನ ಮೇಲೆ ಕುಳಿತೆವು. ಗಂಡ ಗೋಡೆಯ ಮೇಲಿನ ಲಸಿಕೆಯ ಚಾರ್ಟನ್ನು ಮೊದಲಿನಿಂದ ಕೊನೆಯವರೆಗೆ ಎಷ್ಟು ಸಲ ಓದಿದನೋ. ಒಮ್ಮೆ ನರ್ಸೊಬ್ಬಳು ರಕ್ತದ ಚೀಲ ಹಿಡಿದು ಓಡುವ ಹೆಜ್ಜೆಯಲ್ಲಿ ಒಳಗೆ ಹೋದಳು. ತಾಯಿ ನನ್ನ ಮಣಿಕಟ್ಟು ಹಿಡಿದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ವೈದ್ಯೆ ಹೊರಗೆ ಬಂದರು. ಮೊದಲು ಆ ರಕ್ತನಾಳವನ್ನು ಹುಡುಕಿ ಕಟ್ಟಿದ್ದೂ, ಯಕೃತ್ತಿನ ಪಟ್ಟಿಯನ್ನು ಕತ್ತರಿಸುವಾಗ ರಕ್ತ ಸ್ವಲ್ಪ ಹೆಚ್ಚಾಗಿ ಹೋದದ್ದೂ, ಆಮೇಲೆ ನಿಂತದ್ದೂ, ಹೊಟ್ಟೆಯನ್ನು ಮುಚ್ಚಿ ಹೊಲಿದದ್ದೂ ಎಲ್ಲವನ್ನೂ ಅವರು ತಾಯಿಗೇ ಹೇಳಿದರು. "ಕಟ್ಟಿದ ಮೇಲೆ ಮಗುವಿನ ನಾಡಿ ನಿಧಾನಕ್ಕೆ ಇಳಿಯಿತು ನೋಡು, ಓಡುತ್ತಿದ್ದವರು ನಡೆಯಲು ಶುರುಮಾಡಿದ ಹಾಗೆ." ಆಮೇಲೆ ಮತ್ತೆ ಒಳಗೆ ಹೋದರು. ಅಜ್ಜಿ ಕಳುಹಿಸಿದ್ದ ಹಳೆಯ ನೀಲಿ ಸೀರೆಯ ತುಂಡಿನಲ್ಲಿ ಸುತ್ತಿದ್ದ ಗಂಟನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಬಂದರು. ತಂದೆ ಎದ್ದು ನಿಂತು, ಹುಟ್ಟಿದ ಕೂಸನ್ನು ತೆಗೆದುಕೊಳ್ಳುವಂತೆ ತೋಳು ಮಡಿಸಿ ತೆಗೆದುಕೊಂಡ.

ಹೆಂಡತಿಯನ್ನು, ಆಸ್ಪತ್ರೆಗೆ ಬಂದಿದ್ದ ಅವಳ ಅಕ್ಕನ ಜೊತೆ ಬಿಟ್ಟು ಅವನೂ ನಾನೂ ಕಾರಿನಲ್ಲಿ ಊರಿಗೆ ಬಂದೆವು. ದಾರಿಯುದ್ದಕ್ಕೂ ಅವನು ಗಂಟನ್ನು ತೊಡೆಯಿಂದ ಕೆಳಗಿಡಲಿಲ್ಲ. ನಮ್ಮ ಕಡೆ ಹಸುಗೂಸುಗಳನ್ನು ಹೂಳುತ್ತಾರೆ. ಬಾಯಿಗೆ ಒಂದು ತೊಟ್ಟು ಹಾಲು ಬಿಟ್ಟು ಮಣ್ಣು ಮುಚ್ಚುತ್ತಾರೆ. ಅಂಥ ಕೆಲಸಕ್ಕೆ ಹೆಂಗಸರು ಹೋಗುವ ಪದ್ಧತಿಯಿಲ್ಲ, ಆದರೆ ನನ್ನನ್ನು ಯಾರೂ ತಡೆಯಲಿಲ್ಲ. ಹೊಲದ ಪೂರ್ವದ ಬದುವಿನಲ್ಲಿ, ಹೊಂಗೆ ಮರದ ಬಳಿ, ಅವನೇ ಗುಂಡಿ ತೋಡಿದ. ಬಿಸಿಲು ಇನ್ನೂ ಇತ್ತು. ಅಜ್ಜಿ ಲೋಟದಲ್ಲಿ ಹಾಲು ತಂದಿದ್ದರು. ಗಂಟನ್ನು ಕೆಳಗಿಟ್ಟು ಲೋಟ ಹಿಡಿದವನು ಹಾಗೆಯೇ ನಿಂತ.

"ಬಾಯಿಲ್ವಲ್ಲ ಅವ್ವ," ಎಂದ. "ಎಲ್ಲಿಗ್ ಬುಡ್ಲಿ?"

ಅಜ್ಜಿಗೂ ತಿಳಿಯಲಿಲ್ಲ. ಅವನು ಮೊಣಕಾಲೂರಿ ಬಟ್ಟೆಯನ್ನು ಸ್ವಲ್ಪ ಸರಿಸಿದ. ಆ ಪುಟ್ಟ ಕೈ ಕಂಡಿತು. ಮಡಚಿದ್ದ ಬೆರಳುಗಳನ್ನು ತನ್ನ ಹೆಬ್ಬೆರಳಿನಿಂದ ಬಿಡಿಸಿ, ಆ ಅಂಗೈಯಲ್ಲಿ, ಒಂದು ತೊಟ್ಟೂ ಚೆಲ್ಲದಂತೆ ಹಾಲು ಬಿಟ್ಟ. ದಿನವೂ ಹಾಲು ಅಳೆಯುವ ಕೈ ಅದು.

ಮಗು ನಾಲ್ಕು ದಿನ ಕೊಳವೆಗಳ ನಡುವೆ ಇತ್ತು. ಆರನೆಯ ದಿನ ನಾನು ಹೋದಾಗ ನರ್ಸು ಅದನ್ನು ತಾಯಿಯ ಕೈಗೆ ಕೊಡುತ್ತಿದ್ದಳು. ಅಲ್ಲಿಯವರೆಗೆ ಅವಳು ಅದನ್ನು ಎದೆಗೆ ಅವಚಿಕೊಂಡಿದ್ದೇ ಇಲ್ಲ. ನಡುವೆ ಆ ಕಾಲುಗಳಿರುತ್ತಿದ್ದುದರಿಂದ ಪಕ್ಕಕ್ಕೆ ಮಲಗಿ, ತೋಳಿನಡಿಯಲ್ಲಿ ಇಟ್ಟುಕೊಂಡು ಹಾಲು ಕೊಡಬೇಕಾಗಿತ್ತು. ಈಗ ನಡುವೆ ಗಾಯದ ಮೇಲಿನ ಪಟ್ಟಿ ಮಾತ್ರ. ಹೇಗೆ ಹಿಡಿಯಬೇಕೆಂದು ತಿಳಿಯದೆ ಅವಳು ಎರಡು ಸಲ ಕೈ ಬದಲಾಯಿಸಿದಳು. ಮಗುವಿನ ಹೊಟ್ಟೆ ಅವಳ ಮೈಗೆ ತಾಗಿತು. ಅದು ಬಾಯಿಟ್ಟು ಎಳೆಯತೊಡಗಿತು, ಬೆವರದೆ, ನಿಲ್ಲಿಸದೆ, ಗಂಟಲು ಸದ್ದು ಮಾಡುತ್ತ.

"ಮೆಲ್ಲುಕ್ ಕುಡಿಯಾ ಕಣ್ಲಾ," ಎಂದು ಅವಳು ನಕ್ಕಳು. "ಯಾರು ಪಾಲಿಗ್ ಬತ್ತಾರೆ ಅಂತ ಇಂಗಾಡೀಯೆ?"

ಹೇಳಿದವಳ ಕೈ ಗಾಯದ ಪಟ್ಟಿಯ ಅಂಚಿಗೆ ಹೋಯಿತು. ಮಗು ಕುಡಿಯುತ್ತಲೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತದೆ ಕೇಳಿದಳು: "ಎಲ್ಲಿ ಮಡುಗಿದ್ರಿ ಮಿಸ್?"

ನಾನು ಹೇಳಿದೆ. ಹೊಂಗೆ ಮರ, ಪೂರ್ವದ ಬದು, ಮೇಲಿಟ್ಟ ಕಲ್ಲು, ಅಂಗೈಯಲ್ಲಿ ಬಿಟ್ಟ ಹಾಲು. ಏನನ್ನೂ ಸೇರಿಸಲಿಲ್ಲ, ಯಾವ ಅರ್ಥವನ್ನೂ ಬಿಡಿಸಲಿಲ್ಲ.

"ಬಟ್ಟೆ?"

"ನಿಮ್ಮತ್ತೆಯ ನೀಲಿ ಸೀರೆ."

"ಅದು ಮೆತ್ಗದೆ," ಎಂದಳು, ಮಗುವನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಳ್ಳುತ್ತ.